ನಮಗೂ ಅವರಿಗೂ ಸಂಬಂಧವಿಲ್ಲ

ಭಾನುವಾರ ಬೆಳಗಿನ ನನ್ನ ಇಂಗ್ಲಿಷ್ ತರಗತಿಗೆ ಇಂಗ್ಲಿಷಿನ ಮೇಲಿನ ಪ್ರೀತಿಯಿಂದ ಯಾರೂ ಬರುವುದಿಲ್ಲ. ನಮ್ಮೂರು ಸೊಂಗ್‌ಶ್ಯಾದಲ್ಲಿ ಹುಟ್ಟಿದವರೂ ಹೊಟ್ಟೆಪಾಡಿಗೆ ಬಂದು ಸೇರಿದವರೂ ಕೊಡೆಯಿಂದಲೇ ಬದುಕುವವರು. ಒಬ್ಬರು ಕಡ್ಡಿ ಮಾಡುತ್ತಾರೆ, ಒಬ್ಬರು ಬಟ್ಟೆ ಹೊಲಿಯುತ್ತಾರೆ, ಒಬ್ಬರು ಹಿಡಿಕೆ ಕೂರಿಸುತ್ತಾರೆ. ಕೊಳ್ಳುವವರು ಮಾತ್ರ ಸಮುದ್ರದಾಚೆ ಇದ್ದಾರೆ. ಅವರ ಜೊತೆ ಮಾತಾಡಬೇಕಾದ ಕಚೇರಿಯ ಹುಡುಗಿಯರು ರಜೆಯ ದಿನವೂ ತಲೆ ಬಾಚಿಕೊಂಡು, ಸೋಯಾ ಹಾಲಿನ ಲೋಟ ಹಿಡಿದು, ನೂಡಲ್ಸ್ ಅಂಗಡಿಯ ಮೇಲಿನ ನನ್ನ ಕೋಣೆಗೆ ಬರುತ್ತಾರೆ.

ನಾನು ಕಾಲೇಜಿಗೆ ಹೋದವಳಲ್ಲ. ಮಾರುಕಟ್ಟೆಯ ಅಂಗಡಿಯಲ್ಲಿ ನಿಂತು, ಪರದೇಶದವರ ಜೊತೆ ಚೌಕಾಸಿ ಮಾಡಿ, ಅವರ ಕೈಲಿ ಬೈಸಿಕೊಂಡು, ಅವರನ್ನು ಬೈದು ಕಲಿತ ಇಂಗ್ಲಿಷ್ ನನ್ನದು. ಅದರಲ್ಲಿ ಕವಿತೆ ಬರೆಯಲಾಗದು. ಕಳಿಸಿದ ಮಾಲು ಹಿಂದಕ್ಕೆ ಬರದಂತೆ ನೋಡಿಕೊಳ್ಳಬಹುದು. ಹುಡುಗಿಯರಿಗೂ ಬೇಕಾದದ್ದು ಅಷ್ಟೇ. ನನ್ನನ್ನು ತಾವೊ ಟೀಚರ್ ಎಂದು ಕರೆಯುತ್ತಾರೆ. ಮೊದಮೊದಲು ಟೀಚರ್ ಅಂದರೆ ಹಿಂದೆ ತಿರುಗಿ ಯಾರು ಎಂದು ನೋಡುತ್ತಿದ್ದೆ.

ಆ ಭಾನುವಾರದ ಪಾಠ, 'ಇದು ನಮ್ಮದಲ್ಲ, ನಮಗೂ ಇದಕ್ಕೂ ಸಂಬಂಧವಿಲ್ಲ' ಎಂದು ನಾಲ್ಕು ಜನರ ಮುಂದೆ ಹೇಳುವುದು ಹೇಗೆ ಎಂಬುದು. ಹುಡುಗಿಯರೇ ಕೇಳಿ ಹೇಳಿಸಿಕೊಳ್ಳುವ ಪಾಠ ಅದು. ಯಾರೋ ನಿಮ್ಮ ಹೆಸರು ಅಂಟಿಸಿ ಮುರುಕಲು ಕೊಡೆ ಮಾರುತ್ತಾರೆ. ಕೆಲಸ ಬಿಟ್ಟು ಹೋದವನು ನಿಮ್ಮ ಕಾರ್ಖಾನೆಯವನೆಂದು ಹೇಳಿಕೊಂಡು ತಿರುಗುತ್ತಾನೆ. ಆಗ ಏನಾದರೂ ಹೇಳಲೇಬೇಕು. ಆದರೆ ಡಿಕ್ಷನರಿ ತೆಗೆದರೆ ಇಂಗ್ಲಿಷಿನ ಏಳೆಂಟು ಮಾತುಗಳ ಎದುರಿಗೆ ನಮ್ಮ ಭಾಷೆಯ ಒಂದೇ ಮಾತು ಕೂತಿರುತ್ತದೆ. ನಮ್ಮ ಹುಡುಗಿಯರು ಅದರಲ್ಲಿ ಅತ್ಯಂತ ಉದ್ದವಾದುದನ್ನು ಆರಿಸಿಕೊಳ್ಳುತ್ತಾರೆ, ಉದ್ದ ಇದ್ದಷ್ಟೂ ಮರ್ಯಾದೆ ಹೆಚ್ಚು ಎಂದುಕೊಂಡು.

ಅದಕ್ಕೇ ನಾನು ಹಲಗೆಯ ಮೇಲೆ ಒಂದು ಕಪಾಟು ಬರೆದೆ. ಕೆಳಗಿನ ಅಂತಸ್ತಿನಲ್ಲಿ ದಿನಬಳಕೆಯ ಮಾತುಗಳು: ಇದು ನಮ್ಮ ಮಾಲಲ್ಲ, ಅವರು ಈಗ ನಮ್ಮಲ್ಲಿಲ್ಲ. ನಡುವಿನದರಲ್ಲಿ ಸ್ವಲ್ಪ ಬಿರುಸು: ಇದನ್ನು ನಾವು ಒಪ್ಪುವುದಿಲ್ಲ, ನಮ್ಮ ಬೆಂಬಲ ಇದಕ್ಕಿಲ್ಲ. ಮೇಲಿನ ಅಂತಸ್ತಿನಲ್ಲಿ, ಮಗನನ್ನು ಮನೆಯಿಂದ ಹೊರಗೆ ಹಾಕುವಾಗ ಬಳಸುವಂಥವು.

"ಟೀಚರ್," ಎಂದಳು ಹಿಡಿಕೆ ಕಾರ್ಖಾನೆಯ ದಪ್ಪ ಹುಡುಗಿ ಜಿನ್, "ನನ್ನ ಗಂಡನ ಅಡುಗೆಗೂ ನಂಗೂ ಸಂಬಂಧ ಇಲ್ಲ ಅನ್ನೋಕೆ ಯಾವ ಅಂತಸ್ತು?"

"ತಿಂದಿದ್ದೀಯಾ?"

"ಎರಡು ಬಟ್ಟಲು."

"ಹಾಗಾದ್ರೆ ಯಾವ ಅಂತಸ್ತೂ ಇಲ್ಲ. ಸುಮ್ನೆ ಕೂತ್ಕೋ."

ನಗು ನಿಂತ ಮೇಲೆ ಹಿಂದಿನ ಸಾಲಿನಿಂದ ರುವಾನ್ ಕೈ ಎತ್ತಿದಳು. ರುವಾನ್ ಝೆನ್ ಎಂದು ಅವಳ ಹೆಸರು. ದೂರದ ಗುಯಿಝೌ ಬೆಟ್ಟದ ಕಡೆಯವಳು. ಯೂ ಗುವೊಲ್ಯಾಂಗ್ ಎಂಬುವನ ಕೊಡೆ ಕಾರ್ಖಾನೆಯಲ್ಲಿ ಪರದೇಶದ ಗಿರಾಕಿಗಳ ಜೊತೆ ವ್ಯವಹರಿಸುವವಳು ಅವಳೇ. ತರಗತಿಯಲ್ಲಿ ಅವಳು ಕೈ ಎತ್ತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಮಾಲಲ್ಲ ಟೀಚರ್. ಒಬ್ಬ ಮನುಷ್ಯನ್ನೇ, ಇವ್ರು ಯಾರೋ ನಂಗೆ ಗೊತ್ತಿಲ್ಲ ಅನ್ನೋಕೆ?"

"ಗೊತ್ತಿರೋ ಮನುಷ್ಯನ್ನ?"

"ಹೂಂ."

"ಅದು ಮೇಲಿನ ಅಂತಸ್ತು. ಸ್ಟೂಲ್ ಹಾಕ್ಕೊಂಡು ಹತ್ತಬೇಕು. ಹತ್ತೋಕೆ ಮುಂಚೆ ಇಳಿಯೋದು ಹೆಂಗೆ ಅಂತ ನೋಡ್ಕೊಂಡಿರ್ಬೇಕು," ಎಂದೆ.

ಅವಳು ಬರೆದುಕೊಳ್ಳಲಿಲ್ಲ. ಎಲ್ಲರೂ ಇಳಿದು ಹೋದ ಮೇಲೂ ಕೂತೇ ಇದ್ದಳು.

ಅವಳು ಹೇಳಿದ್ದಿಷ್ಟು. ಯೂ ಒಂದು ಪ್ರಕಟಣೆ ಹೊರಡಿಸುತ್ತಿದ್ದಾನೆ, ನಮ್ಮ ಭಾಷೆಯಲ್ಲಿ ಊರಿನ ಪೇಪರಿಗೆ, ಇಂಗ್ಲಿಷಿನಲ್ಲಿ ಎಲ್ಲ ಗಿರಾಕಿಗಳಿಗೆ. ಬಾವೊ ಶಿಫು ಎಂಬುವರಿಗೂ ಕಾರ್ಖಾನೆಗೂ ಸಂಬಂಧವಿಲ್ಲ ಎಂದು. ಅದರ ಕೆಳಗೆ ರುವಾನ್ ತನ್ನ ಹೆಸರಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಬೇಕು, ತನಗೂ ಅವರಿಗೂ ಸಂಬಂಧವಿಲ್ಲ, ಅವರ ಹೊಸ ಅಂಗಡಿಗೆ ತನ್ನ ಸಹಾಯವಾಗಲೀ ಬೆಂಬಲವಾಗಲೀ ಇಲ್ಲ ಎಂದು.

ಕೆಲಸ ಕಲಿಸಿದವರನ್ನು ನಾವು ಶಿಫು ಎನ್ನುತ್ತೇವೆ. ಬಾವೊ ಇಡೀ ಬೀದಿಗೇ ಶಿಫು. ಯೂನ ಅಪ್ಪ ಕಾರ್ಖಾನೆ ಕಟ್ಟಿದ ದಿನದಿಂದಲೂ ಇದ್ದವರು. ಕೊಡೆಯನ್ನು ಒಂದು ಸಲ ಬಿಚ್ಚಿ, ಅದರ ಸದ್ದು ಕೇಳಿ, ಯಾವ ಕಡ್ಡಿ ಸರಿಯಿಲ್ಲ ಎಂದು ಹೇಳುತ್ತಿದ್ದರು. ಅವರ ಮೊಹರು ಬೀಳದೆ ಒಂದು ಪೆಟ್ಟಿಗೆಯೂ ಗೇಟು ದಾಟುತ್ತಿರಲಿಲ್ಲ. ರುವಾನ್ ಪೆಟ್ಟಿಗೆಗೆ ಟೇಪ್ ಹಚ್ಚುವ ಕೆಲಸಕ್ಕೆ ಸೇರಿದಾಗ, ಈ ಹುಡುಗಿಯ ಕಣ್ಣು ಚುರುಕಾಗಿದೆ ಎಂದು ತಮ್ಮ ಪಕ್ಕ ನಿಲ್ಲಿಸಿಕೊಂಡರು. ಒಂದು ದಿನ ದುಭಾಷಿ ಕೈಕೊಟ್ಟಾಗ ಪರದೇಶದವರ ಮುಂದೆ ಅವಳನ್ನು ಬೆನ್ನು ಹಿಡಿದು ತಳ್ಳಿದವರೂ ಅವರೇ. "ಶಾಲೇಲಿ ಓದಿದ್ದೀಯಲ್ಲ, ಮಾತಾಡು. ತಪ್ಪಾದ್ರೆ ಅವ್ರಿಗೇನು ನಮ್ಮ ಭಾಷೆ ಬರುತ್ತಾ?" ಅಂದರಂತೆ. ಟೇಪ್ ಹಚ್ಚುತ್ತಿದ್ದವಳು ಹಾಗೆ ಕಚೇರಿ ಸೇರಿದಳು. ಗಂಡ ಬಿಟ್ಟುಹೋದ ವರ್ಷ ಅವಳ ಮಗುವನ್ನು ಜ್ವರದಲ್ಲಿ ತಮ್ಮ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದವರೂ ಬಾವೊ. ಮಗು ಅವರನ್ನು ತಾತ ಎನ್ನುತ್ತದೆ.

ವಸಂತದ ಹಬ್ಬ ಕಳೆದ ಮೇಲೆ ಯೂ ಒಂದು ಅಗ್ಗದ ಆರ್ಡರಿಗೆಂದು ತೆಳು ಕಡ್ಡಿ ತರಿಸಿದ. ಬಾವೊ ಒಂದು ಕೊಡೆ ಬಿಚ್ಚಿ ಸದ್ದು ಕೇಳಿ, ಮಡಚಿ ಇಟ್ಟರು. ಏನೂ ಹೇಳಲಿಲ್ಲ. ಮೊಹರನ್ನು ಯೂನ ಮೇಜಿನ ಮೇಲಿಟ್ಟು ಹೋದರು. ಎರಡು ತಿಂಗಳಲ್ಲಿ ಕಾರ್ಖಾನೆಯ ಗೇಟಿಗೆ ಸರಿಯಾಗಿ ಎದುರಿಗೆ, ಓಣಿಯ ಆ ಬದಿಯಲ್ಲಿ, ಒಂದು ಶೆಟರಿನ ಅಂಗಡಿ ತೆಗೆದು ಗಟ್ಟಿ ಕೊಡೆ ಮಾಡಿಕೊಡುವುದಕ್ಕೂ ಹಳೆಯದನ್ನು ರಿಪೇರಿ ಮಾಡುವುದಕ್ಕೂ ಶುರು ಮಾಡಿದರು. ಬೇರೆ ಎಲ್ಲೂ ಬಾಡಿಗೆ ಅಷ್ಟು ಕಡಿಮೆ ಇರಲಿಲ್ಲ ಎಂದು ಅವರ ಮಾತು. ಆ ಬಾಗಿಲಿಗೆ ಇಂಗ್ಲಿಷಿನ ಬೋರ್ಡು ಬರೆದುಕೊಟ್ಟವಳು ರುವಾನ್. ಆಮೇಲೆ ಪೋಲೆಂಡಿನ ಗಡ್ಡದ ಗಿರಾಕಿ ಕಾರ್ಖಾನೆಗೆ ಬಂದವನು, ಕಾರಿನಿಂದ ಇಳಿಯುತ್ತಲೇ ಆ ಬೋರ್ಡು ನೋಡಿ, ಅತ್ತ ಹೋಗಿ ಬಾವೊ ಅವರನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡ. ಗೇಟಿನಲ್ಲಿ ಹಾರ ಹಿಡಿದು ನಿಂತಿದ್ದ ಯೂ ನಿಂತೇ ಇದ್ದ. ಉರಿ ಹತ್ತಿದ್ದು ಅಲ್ಲಿ.

"ಸಹಿ ಹಾಕೋಕೆ ಹೇಳ್ದಾಗ ಏನಂದೆ?" ಎಂದು ಕೇಳಿದೆ.

"ಅಷ್ಟು ಸ್ಪಷ್ಟವಾಗಿ ಗೊತ್ತಿಲ್ಲ, ನೋಡೋಣ ಅಂದೆ."

"ಪರದೇಶದವ್ರಿಂದ ಜಾರ್ಕೊಳ್ಳೋಕೆ ಹೇಳೋ ಮಾತನ್ನ ನಮ್ಮೋನಿಗೇ ಹೇಳಿದ್ರೆ ನಡೆಯುತ್ತಾ?"

"ನಡೀಲಿಲ್ಲ. ಶಾಲೆ ಕಾಗದ ಹಿಡ್ಕೊಂಡ್ರು."

ಈಗ ನನಗೆ ಅರ್ಥವಾಯಿತು. ಸೆಪ್ಟೆಂಬರಿನಲ್ಲಿ ಮಗು ಒಂದನೇ ತರಗತಿಗೆ ಸೇರಬೇಕು. ಹೊರಗಿನಿಂದ ಬಂದವರ ಮಕ್ಕಳಿಗೆ ಇಲ್ಲಿನ ಶಾಲೆಯಲ್ಲಿ ಜಾಗ ಸಿಗಬೇಕಾದರೆ, ತಾಯಿ ನಮ್ಮಲ್ಲಿ ಕೆಲಸಕ್ಕಿದ್ದಾಳೆ ಎಂದು ಮಾಲೀಕ ಮೊಹರು ಹಾಕಿಕೊಡಬೇಕು. ಮೊಹರಿಲ್ಲದಿದ್ದರೆ ಮಗು ಗುಯಿಝೌಗೆ, ಅಜ್ಜಿಯ ಬಳಿಗೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ರೈಲು ಹತ್ತಿ ಹೋದ ತಾಯಿಯನ್ನು ಮಕ್ಕಳು ಬಾಗಿಲ ಹಿಂದೆ ನಿಂತು ನೋಡುತ್ತವೆ. ಅಂಥವರು ನನ್ನ ತರಗತಿಯಲ್ಲೇ ಇದ್ದಾರೆ. ಫೋನಿನಲ್ಲಿ ಮಕ್ಕಳ ಜೊತೆ ಮಾತಾಡುವಾಗ ಅವರಿಗೆ ಮಾತು ಸಿಗುವುದಿಲ್ಲ.

"ಹಾಕಿಬಿಡು ಸಹಿ," ಎಂದೆ ನಾನು. "ಬಾವೊ ಅವರೂ ಅದನ್ನೇ ಹೇಳ್ತಾರೆ. ಮಾತು ಅಷ್ಟೇ ಅಲ್ವೇನೇ?"

"ಬಾಯಲ್ಲಿ ಹೇಳು ಅಂದಿದ್ರೆ ಹೇಳ್ಬಿಡ್ತಿದ್ದೆ ಟೀಚರ್. ಬರೆದು, ಊರ ಮುಂದೆ ಹಾಕಿ, ಆಮೇಲೆ ಸಂಜೆ ಹೋಗಿ ಅವ್ರ ಎದುರಿಗೆ ಹೆಂಗೆ ಕೂತ್ಕೊಳ್ಳಿ? ಮಗು ಓದೋಕೆ ಕಲಿಯುತ್ತೆ. ಒಂದಿನ ಅದೂ ಓದುತ್ತೆ."

ನಾನು ಮರುದಿನ ಯೂನ ಕಚೇರಿಗೆ ಹೋದೆ. ಅವನ ಅಪ್ಪನ ಕಾಲದಿಂದ ನಾನು ಆ ಕಾರ್ಖಾನೆಗೆ ದುಭಾಷಿ ಕೆಲಸ ಮಾಡಿದವಳು. ಅವನು ನನಗೆ ಅಕ್ಕ ಎನ್ನುತ್ತಾನೆ.

"ಬನ್ನಿ ಅಕ್ಕ. ನೀವು ಬಂದ್ರಿ ಅಂದ್ರೆ ರುವಾನ್ ಅತ್ತಿದ್ದಾಳೆ ಅಂತಾಯ್ತು."

"ಅವಳು ಅತ್ತಿಲ್ಲ. ಅಳೋ ಸರದಿ ನಿಂದು. ಇಂಗ್ಲಿಷಲ್ಲಿ ಏನ್ ಬರೆದಿದ್ದೀಯ ತೋರ್ಸು."

ಫೋನಿನ ಅನುವಾದ ಯಂತ್ರಕ್ಕೆ ಕೊಟ್ಟು ಮಾಡಿಸಿದ್ದ. ಓದಿ ಬೆಚ್ಚಿಬಿದ್ದೆ. ಬಾವೊ ಎಂಬ ವ್ಯಕ್ತಿಯನ್ನು ನಮ್ಮ ಕಾರ್ಖಾನೆ ಎಲ್ಲರೆದುರು ತ್ಯಜಿಸುತ್ತದೆ. ಆ ವ್ಯಕ್ತಿಯ ಎಲ್ಲ ಕೃತ್ಯಗಳಿಗೂ, ಅವುಗಳಿಂದ ಬರಬಹುದಾದ ಕಾನೂನಿನ ಎಲ್ಲ ಪರಿಣಾಮಗಳಿಗೂ ಆ ವ್ಯಕ್ತಿಯೇ ಹೊಣೆ.

"ಇದ್ರಲ್ಲಿ ತಪ್ಪೇನಿದೆ?" ಎಂದ ಯೂ. "ಪೇಪರಲ್ಲಿ ದಿನಾ ಬರೋದೇ. ನಮ್ಮ ಲಾರಿ ಡ್ರೈವರ್ ಕೆಲಸ ಬಿಟ್ಟಾಗ್ಲೂ ಇದನ್ನೇ ಹಾಕ್ಸಿದ್ವಿ. ಅವನು ಅದೇ ಸಂಜೆ ಬಂದು ನಮ್ಮ ಜೊತೆ ಇಸ್ಪೀಟ್ ಆಡ್ದ."

ಅವನು ಹೇಳಿದ್ದು ನಿಜ. ನಮ್ಮಲ್ಲಿ ಮೊಹರು ಕಳೆದರೂ ಪ್ರಕಟಣೆ, ಕೆಲಸದವನು ಬಿಟ್ಟರೂ ಪ್ರಕಟಣೆ. ಒಂದೇ ಅಚ್ಚು. ಕೃತ್ಯ, ಪರಿಣಾಮ, ಹೊಣೆ ಎಂದು ಅಷ್ಟು ದೊಡ್ಡ ಮಾತಿರುತ್ತದೆ, ಓದಿದವರು ಓ ಇವನು ಕೆಲಸ ಬಿಟ್ಟನಾ ಎಂದು ಪುಟ ತಿರುಗಿಸುತ್ತಾರೆ.

"ಇಲ್ಲಿ ಇಸ್ಪೀಟ್ ಆಡ್ತಾರೆ," ಎಂದೆ. "ಅಲ್ಲಿಯವ್ರು ಇಂಥದ್ದನ್ನ ಯಾವಾಗ ಬರೀತಾರೆ ಗೊತ್ತಾ? ಮನೆ ಬಾಗಿಲಿಗೆ ಪೊಲೀಸ್ ಬಂದಾಗ. ಆ ಗಡ್ಡದೋನು ಇದನ್ನ ಓದ್ದ ಅಂದ್ಕೋ. ಇಷ್ಟು ವರ್ಷ ಅವನ ಮಾಲು ನೋಡಿ ಸರಿ ಇದೆ ಅಂತ ಮೊಹರು ಹೊಡೆದಿದ್ದು ಯಾರು?"

ಅವನು ಸ್ವಲ್ಪ ಹೊತ್ತು ಟೀ ಲೋಟದ ಮುಚ್ಚಳ ತಿರುಗಿಸಿದ. "ಆ ಮುದುಕ."

"ಅಂದ್ರೆ ನಿನ್ನ ಮಾಲನ್ನ ಇಷ್ಟು ವರ್ಷ ಒಬ್ಬ ಕಳ್ಳ ನೋಡಿ ಕಳಿಸ್ತಿದ್ದ ಅಂತ ನೀನೇ ಕಾಗದ ಬರೆದು ತಿಳಿಸ್ತಿದ್ದೀಯ."

ಯೂ ದಡ್ಡನಲ್ಲ. ಫೋನ್ ತೆಗೆದು ಅದನ್ನು ಅಳಿಸಿದ, ಅಳಿಸಿದ್ದು ಹೋಗಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ನೋಡಿದ.

"ಸರಿ. ನೀವೇ ಬರೀರಿ."

ನಾನು ಕೆಳಗಿನ ಅಂತಸ್ತಿನ ಮಾತುಗಳಲ್ಲಿ ಮೂರು ಸಾಲು ಬರೆದೆ. ಬಾವೊ ಅವರು ಬಹುಕಾಲ ನಮ್ಮಲ್ಲಿದ್ದರು, ಈಗ ನಿವೃತ್ತರಾಗಿದ್ದಾರೆ, ಎದುರಿನ ಅಂಗಡಿ ಅವರ ಸ್ವಂತದ್ದು. ನಮ್ಮ ಮಾಲಿನ ಮಾತನ್ನು ನಮ್ಮ ಕಚೇರಿಯೊಂದಿಗೇ ಆಡಿ. ಅಷ್ಟೇ. ಅವನು ತಲೆಯಾಡಿಸಿದ. ನಾನು ಎದ್ದೆ.

"ಕೂತ್ಕೊಳ್ಳಿ ಅಕ್ಕ. ರುವಾನ್ ಸಾಲು ಎಲ್ಲಿ?"

"ಅದ್ಯಾಕೆ ಇನ್ನು?"

"ಅದು ಗಿರಾಕಿಗಲ್ಲ. ನಂಗೆ." ಅವನ ದನಿ ಬದಲಾಯಿತು. "ಅವಳು ಯಾರ ಕಡೆಯೋಳು ಅಂತ ನಂಗೆ ಗೊತ್ತಾಗ್ಬೇಕು. ಬೆಳಿಗ್ಗೆ ನನ್ನ ಸಂಬಳ, ಸಂಜೆ ಅಲ್ಲಿ ಬೋರ್ಡು. ನೋಡಿ ಅಕ್ಕ, ನಮ್ಮಪ್ಪ ಹೋದ್ಮೇಲೆ ನನ್ನ ಮುಖಕ್ಕೆ ಬೈಯೋನು ಆ ಮುದುಕ ಒಬ್ಬನೇ ಇದ್ದಿದ್ದು. ಬೈದಿದ್ರೆ ಆ ಕಡ್ಡಿ ಹಿಂದಕ್ಕೆ ಕಳಿಸ್ತಿದ್ನೇನೋ. ಬೈಲಿಲ್ಲ. ಮೊಹರಿಟ್ಟು ಹೋದ. ಬೈಯೋಕೂ ಲಾಯಕ್ಕಿಲ್ಲ ಅಂದ್ಹಾಗೆ. ಪೇಪರಿಗೆ ಬುಧವಾರ ಕೊನೆ. ಅಷ್ಟರಲ್ಲಿ ಅವಳ ಸಾಲು ಬರ್ಲಿ, ಶಾಲೆ ಕಾಗದಕ್ಕೆ ಮೊಹರು ಬೀಳುತ್ತೆ."

ಅವನ ಮೇಲೆ ಸಿಟ್ಟು ಮಾಡಿಕೊಂಡೇ ಮೆಟ್ಟಿಲು ಇಳಿದೆ. ಆದರೆ ಪೂರ್ತಿ ಸಿಟ್ಟು ಬರಲಿಲ್ಲ.

ಊಟದ ಬಿಡುವಿನಲ್ಲಿ ರುವಾನಳನ್ನು ಕರೆದುಕೊಂಡು ಎದುರಿನ ಅಂಗಡಿಗೆ ಹೋದೆ, ಗೇಟಿನ ಕಡೆಯಿಂದಲ್ಲ, ಹಿಂದಿನ ಓಣಿಯಿಂದ. ಬಾವೊ ಕಡ್ಡಿಗಳ ನಡುವೆ ಒಂದು ಮಣೆ ಹಾಕಿಕೊಂಡು ಸೊಪ್ಪು ಹಾಕಿದ ಅಕ್ಕಿ ಕಡುಬು ತಿನ್ನುತ್ತಿದ್ದರು.

"ಓ, ತಾವೊ ಟೀಚರ್! ಇಂಗ್ಲಿಷ್ ಬರೋರು ಹಿಂಬಾಗಿಲಿಂದ ಬರ್ತಾರಾ?"

ಎಲ್ಲವನ್ನೂ ಹೇಳಿದೆ. ಅವರು ತಿನ್ನುವುದು ನಿಲ್ಲಿಸಲಿಲ್ಲ.

"ಇಷ್ಟೇನಾ? ಸಹಿ ಹಾಕೇ ಹುಡುಗಿ. ಹೆಬ್ಬೆಟ್ಟು ಬೇಕಾದ್ರೂ ಒತ್ತು. ನಂಗೇನು ಒಂದು ಬೆರಳು ಕಮ್ಮಿ ಆಗುತ್ತಾ?"

"ಹಾಕಲ್ಲ."

"ಮಗೂನ ಗುಯಿಝೌಗೆ ಕಳಿಸ್ತೀಯಾ?"

"ಕಳಿಸಲ್ಲ."

"ಎರಡೂ ಹೆಂಗೇ ಆಗುತ್ತೆ?"

"ನಂಗೊತ್ತಿಲ್ಲ ಶಿಫು. ನೀವು ಊಟ ಮಾಡಿ, ಆರೋಗುತ್ತೆ."

"ನೋಡಿದ್ರಾ ಟೀಚರ್, ಇವಳಿಗೆ ಕಡ್ಡಿ ಕೂರ್ಸೋದು ಕಲಿಸ್ದೆ, ಲೆಕ್ಕ ಕಲಿಸ್ಲಿಲ್ಲ," ಎಂದು ಅವರು ನಕ್ಕರು. ಆ ನಗುವಿಗೆ ನಾನೂ ಸೇರಿಕೊಂಡೆ. ರುವಾನ್ ನಗಲಿಲ್ಲ. ಅವರ ಬಟ್ಟಲು ತೆಗೆದುಕೊಂಡು ತೊಳೆಯಲು ನಲ್ಲಿಗೆ ಹೋದಳು. ಅವಳು ಬಾಗಿಲು ದಾಟುತ್ತಲೇ ಮುದುಕರ ನಗು ಇಳಿಯಿತು.

"ಶಿಷ್ಯ ಗುರೂನ ಬಿಡೋದು ನಮ್ಮಲ್ಲಿಲ್ಲ. ಅವಳು ಹೇಳೋದು ಸರಿ," ಎಂದರು ಮೆಲ್ಲಗೆ. "ಗುರು ಶಿಷ್ಯನ್ನ ಹೊರಗೆ ಹಾಕೋದುಂಟು. ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ?"

"ಅದೆಲ್ಲ ಮೇಲಿನ ಅಂತಸ್ತಿಂದು, ನಿಮಗ್ಯಾಕೆ?"

"ಸುಮ್ನೆ ಕೇಳ್ದೆ. ಬೋರ್ಡು ಬರ್ಸಿದ್ಮೇಲೆ ನಂಗೂ ಇಂಗ್ಲಿಷ್ ಹುಚ್ಚು ಹಿಡಿದಿದೆ."

ನಾನು ಹೇಳಿದೆ. ಅವರು ಪೆನ್ಸಿಲ್ ಕೊಟ್ಟು, ಕೊಡೆ ಪೆಟ್ಟಿಗೆಯ ರಟ್ಟಿನ ಮೇಲೆ ಅದನ್ನು ನನ್ನ ಕೈಲೇ ಇಂಗ್ಲಿಷಿನಲ್ಲಿ ಬರೆಸಿಕೊಂಡರು. ಮುದುಕರ ಆಟ ಎಂದುಕೊಂಡೆ.

ಬುಧವಾರ ಬೆಳಿಗ್ಗೆ ನೂಡಲ್ಸ್ ಅಂಗಡಿಯ ಹೆಂಗಸು ಕೆಳಗಿನಿಂದಲೇ ಕೂಗಿದಳು. "ತಾವೊ ಟೀಚರ್! ಇಳಿದು ಬನ್ನಿ! ಕೊಡೆ ಬಾವೊಗೆ ತಲೆ ಕೆಟ್ಟಿದೆ!"

ಪೇಪರಿನ ಹಿಂದಿನ ಪುಟದಲ್ಲಿ, ಯಾರೋ ಕಳೆದುಕೊಂಡ ಮೊಹರಿಗೂ ಇನ್ಯಾರೋ ಕಳೆದುಕೊಂಡ ಡ್ರೈವಿಂಗ್ ಲೈಸೆನ್ಸಿಗೂ ನಡುವೆ ಇತ್ತು. ರುವಾನ್ ಝೆನ್ ಎಂಬಾಕೆ ಇಂದಿನಿಂದ ನನ್ನ ಶಿಷ್ಯೆಯಲ್ಲ. ಕಲಿತದ್ದು ಸಾಲದು, ನಡತೆ ಸರಿಯಿಲ್ಲ. ಆಕೆ ಮಾಡುವುದಕ್ಕೂ ನನಗೂ, ನಾನು ಮಾಡುವುದಕ್ಕೂ ಆಕೆಗೂ ಸಂಬಂಧವಿಲ್ಲ. ಕೆಳಗೆ ಬಾವೊ ಅವರ ಹೆಸರು.

ಅಂಗಡಿಯ ಹೆಂಗಸು ಬಾಯಿಗೆ ಬೀಗವಿಲ್ಲದೆ ಮಾತಾಡುವವಳು. "ಮೊನ್ನೆ ತಾನೇ ಆ ಮಗೂನ ಹೆಗಲ ಮೇಲೆ ಕೂರ್ಸ್ಕೊಂಡು ಇಲ್ಲಿ ನೂಡಲ್ಸ್ ತಿನ್ಸಿದ್ರು. ತಾಯಿ ನಡತೆ ಸರಿ ಇಲ್ವಂತೆ! ಇವರ ನಡತೆ ಏನಂತೆ?"

ಮುದುಕರು ಏನು ಮಾಡಿದ್ದಾರೆಂದು ನನಗೆ ಹೊಳೆಯಿತು. ರುವಾನ್ ತಾನು ಬಿಡಲಾರೆ ಎಂದಿದ್ದಳು. ಅವಳು ಬಿಡಬೇಕಾಗಿಯೇ ಇಲ್ಲದಂತೆ ಅವರೇ ಅವಳನ್ನು ಬಿಟ್ಟುಬಿಟ್ಟಿದ್ದರು. 'ನಡತೆ ಸರಿಯಿಲ್ಲ' ಎಂಬುದನ್ನು ಯೂ ನಂಬಲಿ ಎಂದು ಸೇರಿಸಿದ್ದರು. ನಂಬಿಸಬೇಕೆಂದರೆ ಗಟ್ಟಿಯಾಗಿ ಕೂಗಬೇಕು ಎಂದುಕೊಳ್ಳುವವರು ಅವರು. ಕಡ್ಡಿ ಬಿಟ್ಟು ಬೇರೆ ಯಾವುದರಲ್ಲೂ ಅವರಿಗೆ ನಾಜೂಕಿಲ್ಲ. ಓಣಿಗೆ ಹೋಗಿ ನೋಡಿದರೆ ಶೆಟರಿನ ಮೇಲೆ ಇಂಗ್ಲಿಷಿನಲ್ಲೂ ಒಂದು ಹಾಳೆ. ನಾನು ಹೇಳಿಕೊಟ್ಟ ಮಾತು, ದಪ್ಪ ಅಕ್ಷರದಲ್ಲಿ.

ಅಷ್ಟರಲ್ಲಿ ಯೂನ ಫೋನ್ ಬಂತು.

"ಅಕ್ಕ, ಪೇಪರ್ ನೋಡಿದ್ರಾ?"

"ನೋಡ್ದೆ. ನಿಂಗೆ ಬೇಕಾಗಿದ್ದು ಸಿಕ್ತಲ್ಲ. ಈಗ ಅವಳು ಯಾರ ಕಡೆಯೋಳು ಅಂತ ಅನುಮಾನ ಇಲ್ವಲ್ಲ?"

ಅವನ ಹಿಂದೆ ಹೊಲಿಗೆ ಯಂತ್ರಗಳ ಸದ್ದು ಕೇಳುತ್ತಿತ್ತು.

"ನಡತೆ ಸರಿ ಇಲ್ಲ ಅಂತ ಯಾಕೆ ಹಾಕ್ಸಿದ್ದು? ಅಷ್ಟು ನಾನು ಕೇಳಿರ್ಲಿಲ್ಲ. ಗಂಡ ಬಿಟ್ಟ ಹೆಂಗಸು. ಊರಲ್ಲಿ ಏನೇನ್ ಮಾತಾಡ್ತಾರೆ ಅಂತ ಆ ಮುದುಕನಿಗೆ ಗೊತ್ತಾಗಲ್ವಾ?"

"ಅವ್ರಿಗೆ ಗೊತ್ತಾಗೋದು ಕಡ್ಡಿ ಮಾತ್ರ. ಮಾತಿನ ತೂಕ ನಿಂಗೆ ಗೊತ್ತಿತ್ತಲ್ಲ. ಬರ್ಸೋಕೆ ಹೊರಟಿದ್ದು ನೀನು."

ಅವನು ಫೋನ್ ಇಟ್ಟ. ಸರಿಯಾಗಿಯೇ ಹೇಳಿದೆ ಎಂದು ನನಗೆ ಸಮಾಧಾನವಾಯಿತು. ರುವಾನ್ ಎಲ್ಲಿದ್ದಾಳೆ? ಕಚೇರಿಯಲ್ಲಿ ತಲೆ ತಗ್ಗಿಸಿ ಕೂತಿದ್ದಾಳೆ ಎಂದು, ಹಿಡಿಕೆಯ ಲೆಕ್ಕಕ್ಕೆ ಅಲ್ಲಿಗೆ ಹೋಗಿದ್ದ ಜಿನ್ ಸಂದೇಶ ಕಳಿಸಿದ್ದಳು.

ಊಟದ ಗಂಟೆಗೆ ಅವಳು ನೂಡಲ್ಸ್ ಅಂಗಡಿಗೆ ಬಂದಳು. ಕಣ್ಣು ಕೆಂಪಾಗಿರಲಿಲ್ಲ. ಮುಚ್ಚಳವಿರುವ ಒಂದು ಒಳ್ಳೆಯ ಬಟ್ಟಲು ಕೊಡಿ ಎಂದು ಕೇಳಿದಳು. ಅಂಗಡಿಯ ಹೆಂಗಸು ತನ್ನ ಮದುವೆಯ ಬಟ್ಟಲು ಕೊಟ್ಟಳು. ರುವಾನ್ ತನ್ನ ಚೀಲದಿಂದ ಟೀ ಎಲೆ ತೆಗೆದು ಹಾಕಿ, ಬಿಸಿನೀರು ಬಿಟ್ಟು, ಮುಚ್ಚಿದಳು.

"ಏನ್ ಮಾಡ್ತಿದ್ದೀಯ?" ಎಂದೆ.

"ನಿಮಗೆ ಗೊತ್ತಲ್ಲ ಟೀಚರ್."

ನಮ್ಮಲ್ಲಿ ಶಿಷ್ಯರಾಗುವುದೆಂದರೆ ಬಾಗಿ ಒಂದು ಬಟ್ಟಲು ಟೀ ಕೊಡುವುದು, ಶಿಫು ಅದನ್ನು ಕುಡಿಯುವುದು. ಹೊರಗೆ ಹಾಕಿಸಿಕೊಂಡವರು ಇನ್ನೊಮ್ಮೆ ಹಾಗೆ ಕೊಡಬಹುದು. ಕುಡಿದರೆ ಮತ್ತೆ ಒಳಗೆ. ಮುಟ್ಟದೆ ಬಿಟ್ಟರೆ ಅಲ್ಲಿಗೆ ಮುಗಿಯಿತು, ಮೂರನೆಯ ಸಲ ಯಾರೂ ಕೊಡುವುದಿಲ್ಲ.

"ಮಗೂ ಕಾಗದ ಇನ್ನೂ ಅವನ ಹತ್ರಾನೇ ಇದೆ ಕಣೇ," ಎಂದೆ. "ಮುದುಕರು ಇಷ್ಟೆಲ್ಲ ಮಾಡಿದ್ದು ಯಾಕೆ? ನೀನು ಈಗ ಗೇಟಿನ ಎದುರಿಗೇ ಹೋಗಿ ಬಾಗಿದ್ರೆ ಮಾಡಿದ್ದೆಲ್ಲ ನೀರಿಗೆ."

"ಗೊತ್ತು." ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಳು. "ಬೆಳಿಗ್ಗೆಯಿಂದ ಕೂತು, ಅವರೇ ಬಿಟ್ರೆ ನನ್ನ ತಪ್ಪಿಲ್ವಲ್ಲ ಅಂತ ಹೇಳ್ಕೊಳ್ಳೋಕೆ ನೋಡ್ದೆ. ಆಗ್ಲಿಲ್ಲ ಟೀಚರ್. ಮಗೂಗೆ ಶಾಲೆ ಬೇಕು. ಶಾಲೆಗೆ ಸೇರ್ಸಿ ಮನೇಲಿ ಏನ್ ಕಲಿಸ್ಲಿ?"

ಹಿಂದಿನ ಓಣಿಯಿಂದ ಹೋಗಲಿಲ್ಲ ಅವಳು. ಕಾರ್ಖಾನೆಯ ಗೇಟಿನ ಮುಂದೆ ಊಟದ ಡಬ್ಬಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದವರೆಲ್ಲ ದಾರಿ ಬಿಟ್ಟರು. ಬಾವೊ ಅವಳು ಬರುವುದನ್ನು ಕಂಡು ಶೆಟರನ್ನು ಅರ್ಧ ಎಳೆದು, ಅದರ ಕೆಳಗೆ ಬಾಗಿ ಹೊರಗೆ ಬಂದು ಅಡ್ಡ ನಿಂತರು.

"ಪೇಪರ್ ಓದಿಲ್ವಾ?" ಊರಿಗೆಲ್ಲ ಕೇಳುವಂತೆ ಕೂಗಿದರು.

"ಓದ್ದೆ ಶಿಫು. ಕಲಿತಿದ್ದು ಸಾಲದು ಅಂತ ಹಾಕ್ಸಿದ್ದೀರಿ. ಕಲಿಯೋಕೆ ಬಂದೆ."

"ನಡತೆ ಸರಿ ಇಲ್ಲ ಅಂತಾನೂ ಹಾಕ್ಸಿದ್ದೀನಿ!"

"ಅದನ್ನೂ ತಿದ್ದಿ."

ಯಾರೋ ಕಿಸಕ್ಕನೆ ನಕ್ಕರು. ಬಾವೊ ಮುಂದಕ್ಕೆ ಬಾಗಿ ಹಲ್ಲು ಕಚ್ಚಿ ಪಿಸುಗುಟ್ಟಿದರು. ನಾನು ಹತ್ತಿರ ಇದ್ದುದರಿಂದ ಕೇಳಿಸಿತು. "ಹುಚ್ಚಿ, ಹೋಗೇ ಆ ಕಡೆ. ಅವನು ನೋಡ್ತಿದ್ದಾನೆ. ಮಗು... ಮಗು ಕಾಗದ..."

"ನೋಡ್ಲಿ," ಎಂದಳು ರುವಾನ್. ಬಾಗಿದಳು, ಬಟ್ಟಲನ್ನು ತಲೆಯ ಮಟ್ಟಕ್ಕೆ ಎತ್ತಿ ಹಾಗೆಯೇ ನಿಂತಳು. ಮುಚ್ಚಳ ಬಟ್ಟಲಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು.

ಬಾವೊ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಅವು ಮುಂದಕ್ಕೆ ಬರಲಿಲ್ಲ. ಅವಳೋ ಬಟ್ಟಲು ಇಳಿಸಲಿಲ್ಲ. ನನಗೆ ಇಬ್ಬರ ಮೇಲೂ ಕೋಪ ಬಂತು. ಒಬ್ಬರಿಗೊಬ್ಬರು ಒಳ್ಳೆಯದನ್ನೇ ಮಾಡಲು ಹೊರಟು ಒಬ್ಬರನ್ನೊಬ್ಬರು ನಡುಬೀದಿಯಲ್ಲಿ ನಿಲ್ಲಿಸಿಕೊಂಡಿದ್ದರು.

ಗೇಟಿನಲ್ಲಿ ಯೂ ಬಂದು ನಿಂತಿದ್ದನ್ನು ಎಲ್ಲರೂ ಕಂಡರು. ಕೂತಿದ್ದವರು ಡಬ್ಬಿ ಮುಚ್ಚಿ ಎದ್ದು ನಿಂತರು. ಅವನು ಓಣಿಯ ನಡುವಿಗೆ ಬಂದ. ಶೆಟರಿನ ಮೇಲಿನ ಇಂಗ್ಲಿಷ್ ಹಾಳೆಯನ್ನು, ಅದು ಅವನಿಗೆ ಓದಲು ಬರುವುದಿಲ್ಲವಾದರೂ, ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ ಕೈ ಚಾಚಿ ಅದರ ಒಂದು ತುದಿ ಹಿಡಿದು ಕಿತ್ತು, ಮಡಚಿ, ಜೇಬಿಗೆ ಹಾಕಿಕೊಂಡ.

"ರುವಾನ್," ಎಂದ ಒರಟಾಗಿ, "ಶಾಲೆ ಕಾಗದ ನಿನ್ನ ಮೇಜಿನ ಮೇಲಿಟ್ಟಿದ್ದೀನಿ. ಮೊಹರು ಹಸಿ ಇದೆ, ಕೈ ತಾಗಿಸ್ಬೇಡ. ಊಟದ ಹೊತ್ತು ಮುಗೀತಾ ಬಂತು. ನೀನು ಇಲ್ಲೇ ನಿಂತ್ರೆ ಪೋಲೆಂಡಿನವರ ಫೋನಿಗೆ ಉತ್ತರ ಕೊಡೋರು ಯಾರು, ನಾನಾ?"

ರುವಾನ್ ಅಲುಗಲಿಲ್ಲ. ಮುಖ ಕೆಳಗಿದ್ದುದರಿಂದ ಅವಳ ಕಣ್ಣಿನ ನೀರು ನೇರ ನೆಲಕ್ಕೇ ಬಿತ್ತು.

ಯೂ ಮುದುಕರ ಕಡೆಗೆ ತಿರುಗಿದ. ಅವನು ಆ ಅಂಗಡಿಯ ಎದುರು ಬಾಯಿ ಬಿಟ್ಟಿದ್ದು ಅದೇ ಮೊದಲು.

"ಕುಡೀರಿ ಶಿಫು," ಎಂದ. "ಹುಡುಗಿ ಕೈ ನೋಯ್ತಿದೆ."

ಬಾವೊ ಅವನನ್ನು ನೋಡಿದರು. ಬೆನ್ನ ಹಿಂದೆ ಕಟ್ಟಿದ್ದ ಕೈ ಬಿಚ್ಚಿಕೊಂಡು, ಅಂಗಿಗೆ ಒರೆಸಿಕೊಂಡು, ಬಟ್ಟಲನ್ನು ತೆಗೆದುಕೊಂಡರು. ಮುಚ್ಚಳದಿಂದ ಎಲೆಗಳನ್ನು ಪಕ್ಕಕ್ಕೆ ಸರಿಸಿ, ಒಂದೇ ಉಸಿರಿಗೆ, ಬಾಯಿ ಸುಟ್ಟುಕೊಂಡು, ತಳ ಕಾಣುವವರೆಗೂ ಕುಡಿದರು.